ಪತ್ರಿಕಾ ವ್ಯವಸ್ಥಾಪಕನ ಆಯ, ವ್ಯಯ ಮತ್ತು ನೀವೀ

೧. ಪ್ರಯೋಜನ

ಕನ್ನಡ ಪತ್ರಿಕೆಗಳ ಚರಿತ್ರೆಯಲ್ಲಿ ಸಂಪಾದಕರ ಕೀರ್ತಿಯು ಸುವಿದಿತವಾಗಿದೆ. ಅವರ ಪಕ್ಕದಲ್ಲಿ ಕುಳಿತು ಚಂದಾ ಬರೆದುಕೊಂಡು, ಕಾಗದದ ಬೆಲೆ ವಿಚಾರಿಸಿ, ಅಂಚೆಯ ಚೀಟಿ ಅಂಟಿಸಿದ ವ್ಯವಸ್ಥಾಪಕರ ಹೆಸರುಗಳು ಬಹುಮಟ್ಟಿಗೆ ಮರೆತುಹೋಗಿವೆ. ಒಂದು ಪತ್ರಿಕೆ ನಿಂತಿತೆಂದರೆ ಓದುಗರಿಗೆ ಭಾಷಾಭಿಮಾನ ಸಾಲದೆಂದು ನಾವು ಹೇಳಿಬಿಡುವುದುಂಟು. ನಿಂತ ಪತ್ರಿಕೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದಲ್ಲಿ ಬೇರೆ ಕಾರಣವೂ ಕಾಣಬಹುದು.

ಈ ಲೇಖಕನು ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕವ್ಯಾಕರಣಗಳನ್ನು ಓದಿದವನು. ಲೆಕ್ಕಪತ್ರದ ಶಿಕ್ಷಣವನ್ನು ಪಡೆದವನಲ್ಲ. ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಕೆಲವು ಮಂದಿ ಮಿತ್ರರು ಕೂಡಿ ಒಂದು ಸಣ್ಣ ತ್ರೈಮಾಸಿಕವನ್ನು ಆರಂಭಿಸಿದಾಗ, ಬರಹ ಸ್ಫುಟವಾಗಿದೆಯೆಂಬ ಒಂದೇ ಕಾರಣದಿಂದ ಅದರ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಿತು. ಮೂರು ಸಂಚಿಕೆಗಳು ಹೊರಟುವು, ನಾಲ್ಕನೆಯದು ಹೊರಡಲಿಲ್ಲ. ಪೆಟ್ಟಿಗೆಯಲ್ಲಿ ಹಣವಿದೆಯೆಂದು ನಾನು ಆರು ತಿಂಗಳು ನಂಬಿದ್ದೆನು. ಹಣವೇನೋ ಇದ್ದಿತು; ಅದು ನಮ್ಮದಾಗಿರಲಿಲ್ಲ. ಊರಿನ ಒಬ್ಬ ವೃದ್ಧ ಉಪಾಧ್ಯಾಯರು ದಾರಿಯಲ್ಲಿ ಕಂಡಾಗಲೆಲ್ಲ, "ಶಾಸ್ತ್ರಿಗಳೇ, ನನಗೆ ಇನ್ನೂ ಒಂದು ಸಂಚಿಕೆ ಬರಬೇಕಲ್ಲವೆ?" ಎಂದು ನಗುತ್ತ ಕೇಳುತ್ತಿದ್ದರು. ಈಗ ಅವರಿಲ್ಲ, ಆ ಋಣ ಮಾತ್ರ ಉಳಿದಿದೆ.

ಸಾಹಿತ್ಯವನ್ನು ಬೋಧಿಸುವವರ ಕೈಗೆ ಶಾಲೆಯ ವಾರ್ಷಿಕ ಸಂಚಿಕೆ, ಸಂಘದ ಪತ್ರಿಕೆ, ಗ್ರಂಥಮಾಲೆ ಇವುಗಳಲ್ಲಿ ಒಂದಿಲ್ಲೊಂದು ಎಂದಾದರೂ ಬಂದೇ ಬರುವುದು. ಅಂಥವರು ತಿಳಿದಿರಬೇಕಾದ ಮೂರು ಪತ್ರಗಳಾವುವು, ಅವುಗಳನ್ನು ಓದುವ ಬಗೆ ಯಾವುದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ಬಳ್ಳಾರಿಗೆ ಬಂದ ಪತ್ರಿಕೆ

ಕನ್ನಡದ ಮೊದಲನೆಯ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವು ೧೮೪೩ನೆಯ ಜುಲೈ ೧ರಂದು ಹೊರಟಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಅದರ ಸಂಪಾದಕರು. ಪತ್ರಿಕೆ ಪಕ್ಷಕ್ಕೊಮ್ಮೆ ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಮಾರನೆಯ ವರ್ಷ, ೧೮೪೪ರಲ್ಲಿ, ಅದು ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಆಗ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು.

ಚರಿತ್ರಕಾರರು ಇದನ್ನು ಸ್ಥಳದ ಬದಲಾವಣೆಯೆಂದು ಹೇಳಿ ಮುಂದೆ ಸಾಗುವರು. ವ್ಯವಸ್ಥಾಪಕನು ಇಲ್ಲಿ ಸ್ವಲ್ಪ ನಿಲ್ಲತಕ್ಕದ್ದು. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವ ಖರ್ಚಿಲ್ಲ. ಬರೆದುದನ್ನು ಕಲ್ಲಿಗೆ ಇಳಿಸಿದರಾಯಿತು. ಆದರೆ ಪ್ರತಿಗಳನ್ನು ಒಂದೊಂದಾಗಿ ನಿಧಾನವಾಗಿ ತೆಗೆಯಬೇಕು. ಬಹಳ ತೆಗೆದರೆ ಕಲ್ಲಿನ ಅಕ್ಷರ ಮಸುಳುವುದು. ಅಚ್ಚುಮೊಳೆಯಲ್ಲಿ ಮೊದಲ ಪ್ರತಿಗೆ ಬಹಳ ಖರ್ಚು. ಜೋಡಣೆ ಮುಗಿದ ಮೇಲೆ ಹೆಚ್ಚಿನ ಪ್ರತಿಗಳಿಗೆ ಕಾಗದ, ಮಸಿ, ಕೈಕೆಲಸಗಳಷ್ಟೇ ತಗಲುವುದು. ಆದುದರಿಂದ ಓದುಗರು ಕೆಲವರಿದ್ದಲ್ಲಿ ಕಲ್ಲು ಲೇಸು, ಹಲವರಿದ್ದಲ್ಲಿ ಮೊಳೆ ಲೇಸು. ಎಷ್ಟು ಪ್ರತಿ ಅಚ್ಚಾದರೂ ಬದಲಾಗದ ವೆಚ್ಚ ಒಂದು, ಪ್ರತಿಯೊಂದಿಗೆ ಬೆಳೆಯುವ ವೆಚ್ಚ ಮತ್ತೊಂದು ಎಂಬ ಈ ವಿಭಾಗವೇ ಇಂದಿಗೂ ಪತ್ರಿಕಾ ಗಣಿತದ ಮೂಲಸೂತ್ರ. ಮೊಳೆಗಳು ಹೋಗಿ ಗಣಕಯಂತ್ರ ಬಂದಿದೆ, ಸೂತ್ರವು ಹೋಗಿಲ್ಲ. ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾಗುವ ಪತ್ರಿಕೆಗೆ ಎರಡನೆಯ ವೆಚ್ಚವು ಶೂನ್ಯಕ್ಕೆ ಹತ್ತಿರವಾದರೂ ಮೊದಲನೆಯದು ಇದ್ದೇ ಇದೆ.

೩. ಪರಿಭಾಷೆ

ಈ ವಿಷಯಕ್ಕೆ ಶಬ್ದಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾದುದಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಯ ಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದಲ್ಲಿ, ಲೆಕ್ಕದ ಪರಿಭಾಷೆಯು ಸಾಂಗವಾಗಿದೆ. ಅದರಿಂದ ನಮಗೆ ಬೇಕಾದಷ್ಟನ್ನು ಮಾತ್ರ ಸಂಗ್ರಹಿಸುವೆನು.

ಆಯವು ಮೂರು ಬಗೆ. ದಿನದಿನಕ್ಕೆ ಬರುವುದು ವರ್ತಮಾನ; ಹಿಂದಿನ ವರ್ಷದಿಂದ ಬರಬೇಕಾಗಿ ಉಳಿದುದು ಅಥವಾ ಪರರ ಕೈಯಲ್ಲಿ ಸೇರಿರುವುದು ಪರ್ಯುಷಿತ; ದಂಡ, ಕಾಣಿಕೆ, ಮರೆತುಹೋಗಿದ್ದು ಸಿಕ್ಕಿದ ಧನ ಮೊದಲಾದುದು ಅನ್ಯಜಾತ. ಪತ್ರಿಕೆಗೆ ಈ ವರ್ಷದ ಚಂದಾ ವರ್ತಮಾನವಾದರೆ, ಕಳೆದ ವರ್ಷ ಅಚ್ಚು ಹಾಕಿಯೂ ಹಣ ಬಾರದ ಜಾಹೀರಾತು ಪರ್ಯುಷಿತ. ಅಭಿಮಾನಿಯೊಬ್ಬರು ಒಮ್ಮೆ ಕೊಟ್ಟ ದಾನ ಅನ್ಯಜಾತ. ವ್ಯಯದಲ್ಲಿ ಪ್ರತಿದಿನದ್ದು ನಿತ್ಯ. ಪಕ್ಷ, ಮಾಸ, ಸಂವತ್ಸರಗಳ ಅಂತರದಲ್ಲಿ ಬರುವುದಕ್ಕೆ ಲಾಭವೆಂದು ಹೆಸರು. ಇವೆರಡರಿಂದ ಹುಟ್ಟುವ ಹೆಚ್ಚಿನ ವೆಚ್ಚಗಳು ನಿತ್ಯೋತ್ಪಾದಿಕ, ಲಾಭೋತ್ಪಾದಿಕ. ಅಲ್ಲಿ ಲಾಭಶಬ್ದವು ವ್ಯಯದ ಭೇದವನ್ನು ಹೇಳುವುದೆಂಬುದನ್ನು ಮರೆಯಬಾರದು. ಮುಂದೆ ಈ ಲೇಖನದಲ್ಲಿ ಲಾಭವೆಂದರೆ ಲೋಕರೂಢಿಯ ಅರ್ಥವೇ.

ಆಯದಲ್ಲಿ ವ್ಯಯವನ್ನು ಶೋಧಿಸಿ ಉಳಿದುದು ನೀವೀ. ಅದೂ ಎರಡು ಬಗೆ: ಕೈಗೆ ಸೇರಿದುದು ಪ್ರಾಪ್ತಾ, ಮುಂದಿನ ಲೆಕ್ಕಕ್ಕೆ ಸಾಗಿದುದು ಅನುವೃತ್ತಾ. ಅಮರಕೋಶದಲ್ಲಿ ನೀವೀ ಎಂದರೆ ಮೂಲಧನವೂ ಹೌದು, ಉಟ್ಟ ಸೀರೆಯ ಗಂಟೂ ಹೌದು. ಎರಡೂ ಸಡಿಲಿದ ಮೇಲೆ ಸಭೆಯಲ್ಲಿ ನಿಲ್ಲುವುದು ಕಷ್ಟವೆಂಬುದರಲ್ಲಿ ಸಂದೇಹವಿಲ್ಲ. ಇವಲ್ಲದೆ ಕರಣೀಯ, ಸಿದ್ಧ, ಶೇಷಗಳೆಂಬ ಮತ್ತೊಂದು ತ್ರಯವುಂಟು: ಆಗಬೇಕಾದುದು, ಆದುದು, ಬಾಕಿಯಾದುದು. ಈ ಮೂರನ್ನು ಒಂದೇ ಎಂದು ಭಾವಿಸುವುದೇ ಅನನುಭವಿ ವ್ಯವಸ್ಥಾಪಕನ ಮೊದಲನೆಯ ಭ್ರಾಂತಿ.

೪. ಆಯವ್ಯಯ ಪತ್ರವೆಂಬ ಸಂಕಲ್ಪ

ಬಜೆಟ್ಟೆಂದು ಲೋಕದಲ್ಲಿ ಪ್ರಸಿದ್ಧವಾದ ಆಯವ್ಯಯ ಪತ್ರವು ಕರಣೀಯದ ನಿರೂಪಣೆ. ಕರ್ಮಾರಂಭದಲ್ಲಿ ದೇಶಕಾಲಗಳನ್ನು ಹೇಳಿ, ಇಂಥ ಕರ್ಮವನ್ನು ಇಂಥ ಫಲಕ್ಕಾಗಿ ಮಾಡುವೆನೆಂದು ಸಂಕಲ್ಪಿಸುವಂತೆ, ಈ ವರ್ಷ ಇಷ್ಟು ಸಂಚಿಕೆಗಳನ್ನು ಇಷ್ಟು ವೆಚ್ಚದಲ್ಲಿ ಹೊರಡಿಸುವೆವೆಂದು ಬರೆದಿಡುವುದು ಅದರ ಸ್ವರೂಪ. ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಂಕಿಗಳು ತಿಳಿವಿಗಾಗಿ ಕಲ್ಪಿಸಿದವು; ತಪ್ಪಿನ ರೂಪ ಮಾತ್ರ ಕಲ್ಪಿತವಲ್ಲ.

ಒಂದು ತ್ರೈಮಾಸಿಕಕ್ಕೆ ೬೦೦ ಮಂದಿ ಚಂದಾದಾರರಾಗುವರೆಂದೂ, ನಾಲ್ಕು ಸಂಚಿಕೆಗಳಿಗೆ ವರ್ಷದ ಚಂದಾ ೪೦೦ ರೂಪಾಯಿಯೆಂದೂ, ಸಂಚಿಕೆಯೊಂದಕ್ಕೆ ೧೫,೦೦೦ ರೂಪಾಯಿ ಜಾಹೀರಾತು ಬರುವುದೆಂದೂ ಇಟ್ಟುಕೊಳ್ಳೋಣ. ಲೇಖಕರಿಗೆ, ವಿನಿಮಯಕ್ಕೆ, ದಾಸ್ತಾನಿಗೆ ಎಂದು ೧೦೦ ಪ್ರತಿ ಹೆಚ್ಚಾಗಿ, ಒಟ್ಟು ೭೦೦ ಪ್ರತಿ ಅಚ್ಚು ಹಾಕಿಸುವುದು ಸಂಕಲ್ಪ. ಆಗ ಒಂದು ಸಂಚಿಕೆಯ ವ್ಯಯ:

ಅಕ್ಷರಜೋಡಣೆ, ಪುಟವಿನ್ಯಾಸ, ಕರಡು ತಿದ್ದುವಿಕೆ: ೨೨,೦೦೦ ರೂ.
ಕೊಠಡಿಯ ಬಾಡಿಗೆ ಮೊದಲಾದ ನಿತ್ಯವೆಚ್ಚ: ೧೫,೦೦೦ ರೂ.
ಕಾಗದ, ಮುದ್ರಣ, ಹೊಲಿಗೆ (೭೦೦ ಪ್ರತಿ, ಪ್ರತಿಗೆ ೩೬ ರೂ.): ೨೫,೨೦೦ ರೂ.
ಅಂಚೆ, ಹೊದಿಕೆ (೬೦೦ ಪ್ರತಿ, ಪ್ರತಿಗೆ ೯ ರೂ.): ೫,೪೦೦ ರೂ.
ಒಟ್ಟು: ೬೭,೬೦೦ ರೂ.

ನಾಲ್ಕು ಸಂಚಿಕೆಗಳಿಗೆ ವ್ಯಯ ೨,೭೦,೪೦೦; ಆಯವು ಚಂದಾ ೨,೪೦,೦೦೦, ಜಾಹೀರಾತು ೬೦,೦೦೦, ಕೂಡಿ ೩,೦೦,೦೦೦. ಸಂಕಲ್ಪಿತ ನೀವೀ ೨೯,೬೦೦ ರೂಪಾಯಿ.

ಈ ಪತ್ರದಿಂದ ಮತ್ತೊಂದು ಮುಖ್ಯ ಸಂಖ್ಯೆಯನ್ನು ತೆಗೆಯಬಹುದು. ಒಬ್ಬ ಚಂದಾದಾರನು ಸಂಚಿಕೆಯೊಂದಕ್ಕೆ ೧೦೦ ರೂಪಾಯಿ ಕೊಡುವನು. ಅವನ ಪ್ರತಿಗೆ ತಗಲುವುದು ೩೬ ಮತ್ತು ೯, ಕೂಡಿ ೪೫. ಉಳಿದ ೫೫ ರೂಪಾಯಿ ಸ್ಥಿರವೆಚ್ಚವನ್ನು ಹೊರಲು ಅವನು ಕೊಡುವ ಹೆಗಲು. ಸ್ಥಿರವೆಚ್ಚವು ೩೭,೦೦೦, ಹೆಚ್ಚಿನ ೧೦೦ ಪ್ರತಿಗಳ ೩,೬೦೦ ಸೇರಿ ೪೦,೬೦೦. ಜಾಹೀರಾತಿನ ೧೫,೦೦೦ ಕಳೆದರೆ ೨೫,೬೦೦. ಇದನ್ನು ೫೫ರಿಂದ ಭಾಗಿಸಿದಲ್ಲಿ ೪೬೬ ಮಂದಿ ಬೇಕು. ಜಾಹೀರಾತು ಸರ್ವಥಾ ಬಾರದಿದ್ದಲ್ಲಿ ೭೩೯ ಮಂದಿ ಬೇಕು. ಲಾಭವೂ ನಷ್ಟವೂ ಇಲ್ಲದ ಈ ಸಮಸ್ಥಾನವನ್ನು ತಿಳಿಯದೆ ಪತ್ರಿಕೆಯನ್ನು ಆರಂಭಿಸುವುದು ಆಳವನ್ನು ಕೇಳದೆ ಹೊಳೆಗೆ ಇಳಿದಂತೆ.

೫. ಮುನ್ನಂದಾಜೆಂಬ ಅನುಮಾನ

ಸಂಕಲ್ಪವು ವರ್ಷಕ್ಕೆ ಒಂದು. ವರ್ಷ ಸಾಗಿದಂತೆ ಕಂಡ ಸಂಗತಿಗಳಿಂದ ಮುಂದೇನಾಗುವುದೆಂದು ಊಹಿಸುವುದು ಮುನ್ನಂದಾಜು. ಇವೆರಡರ ಭೇದ ಮುಖ್ಯವಾದುದು. ಸಂಕಲ್ಪವು ನಮ್ಮ ಇಚ್ಛೆಯನ್ನು ಹೇಳುವುದು. ಅನುಮಾನವು ಲೋಕದ ಗತಿಯನ್ನು ಹೇಳಬೇಕು. ಇಚ್ಛೆಯನ್ನೇ ಮತ್ತೊಮ್ಮೆ ಬರೆದು ಮುನ್ನಂದಾಜೆಂದು ಕರೆಯುವ ವ್ಯವಸ್ಥಾಪಕನು ತನಗೆ ತಾನೇ ವಂಚಕನು.

ನ್ಯಾಯಸೂತ್ರದಲ್ಲಿ ಅನುಮಾನವು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ತ್ರಿವಿಧ. ಮೋಡವನ್ನು ಕಂಡು ಮಳೆಯನ್ನು ಊಹಿಸುವಂತೆ ಕಾರಣದಿಂದ ಕಾರ್ಯವನ್ನು ತಿಳಿಯುವುದು ಮೊದಲನೆಯದು. ವಿದೇಶದ ಪತ್ರಿಕಾ ಕಾಗದದ ಮೇಲೆ ೨೦೧೯ರ ಜುಲೈಯಲ್ಲಿ ನೂರಕ್ಕೆ ಹತ್ತರ ಸುಂಕ ಬಿದ್ದಾಗ ದಿನಪತ್ರಿಕೆಗಳ ವ್ಯವಸ್ಥಾಪಕರು ವೆಚ್ಚದ ಅಂಕಿಯನ್ನು ತಿದ್ದಬೇಕಾಯಿತು. ೨೦೨೦ರ ಫೆಬ್ರವರಿಯಲ್ಲಿ ಅದು ನೂರಕ್ಕೆ ಐದಕ್ಕೆ ಇಳಿದಾಗ ಮತ್ತೆ ತಿದ್ದಬೇಕಾಯಿತು. ಎರಡನೆಯದು ಕಾರ್ಯದಿಂದ ಕಾರಣವನ್ನು ತಿಳಿಯುವುದು. ಅದರ ಶಾಸ್ತ್ರೀಯ ಉದಾಹರಣೆ ತುಂಬಿ ಹರಿಯುವ ನದಿ. ಹೊಸಪೇಟೆಯ ಅಣೆಕಟ್ಟಿಗೆ ತುಂಗಭದ್ರೆಯು ಕೆಂಪಾಗಿ ಏರಿ ಬಂದುದನ್ನು ಕಂಡು ಮಲೆನಾಡಿನಲ್ಲಿ ಮಳೆಯಾಯಿತೆಂದು ತಿಳಿಯುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಚಂದಾ ನವೀಕರಿಸುವವರು ಕಡಮೆಯಾದರೆ ಮೇಲೆಲ್ಲೋ ಒಂದು ಕಾರಣವುಂಟು: ಸಂಚಿಕೆಯು ತಡವಾಗಿರಬಹುದು, ಅಂಚೆಯಲ್ಲಿ ತಪ್ಪಿರಬಹುದು, ಲೇಖನಗಳೇ ನೀರಸವಾಗಿರಬಹುದು. ಮೂರನೆಯದು ಸಾಮಾನ್ಯವಾಗಿ ಕಂಡ ಕ್ರಮದಿಂದ ಊಹಿಸುವುದು. ದೀಪಾವಳಿಯ ಸಂಚಿಕೆಗೆ ಪ್ರತಿವರ್ಷ ಜಾಹೀರಾತು ಹೆಚ್ಚಾಗಿ ಬಂದಿರುವುದರಿಂದ ಈ ವರ್ಷವೂ ಬರುವುದೆಂಬಂತೆ.

ಈ ಮೂರನೆಯದರಲ್ಲಿ ಉಪಾಧಿದೋಷವು ಸುಲಭವಾಗಿ ನುಸುಳುವುದು. ಬೆಂಕಿಯಿದ್ದಲ್ಲಿ ಹೊಗೆಯೆಂಬ ನಿಯಮವು ಹಸಿಕಟ್ಟಿಗೆಯ ಸಂಬಂಧವಿದ್ದಾಗ ಮಾತ್ರ ನಿಜವೆಂದು ತಾರ್ಕಿಕರು ತೋರಿಸಿರುವರು. ನಮ್ಮ ಸಂಡೂರು, ಹೊಸಪೇಟೆಗಳ ಕಡೆ ಅದಿರಿನ ವ್ಯವಹಾರವು ಏರಿದ್ದ ಕಾಲದಲ್ಲಿ ಅಂಗಡಿ, ವಾಹನ, ಮನೆನಿವೇಶನಗಳ ವ್ಯಾಪಾರವೆಲ್ಲ ಅದರೊಂದಿಗೆ ಏರಿತ್ತು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಿತು. "ಮೂರು ವರ್ಷದಿಂದ ಜಾಹೀರಾತು ಹೆಚ್ಚುತ್ತ ಬಂದಿದೆ, ಆದುದರಿಂದ ನಾಲ್ಕನೆಯ ವರ್ಷವೂ ಹೆಚ್ಚುವುದು" ಎಂದು ಆ ವರ್ಷದ ಆರಂಭದಲ್ಲಿ ಒಬ್ಬನು ಬರೆದಿದ್ದನೆಂದು ಊಹಿಸಿ. ಬೆಂಕಿಯನ್ನು ಕಂಡ ಅವನು ಹಸಿಕಟ್ಟಿಗೆಯನ್ನು ಕಾಣಲಿಲ್ಲ. ೨೦೨೦ರ ಮಾರ್ಚಿ ಕೊನೆಯಲ್ಲಿ ದೇಶದ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿದಾಗಲೂ ಇದೇ ದೋಷವು ಪ್ರಕಟವಾಯಿತು. ಜಾಹೀರಾತಿನ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ "ಇದು ಯಾವುದರ ಬಲದಿಂದ ಬರುತ್ತಿದೆ?" ಎಂಬ ಪ್ರಶ್ನೆಯನ್ನು ಬರೆದಿಡುವುದು ಕ್ಷೇಮ.

ಅನುಮಾನವನ್ನು ಎಷ್ಟು ಸಲ ಪರೀಕ್ಷಿಸಬೇಕು? ಲೆಕ್ಕವನ್ನು ದಿನಕ್ಕೆ, ಐದು ರಾತ್ರಿಗೆ, ಪಕ್ಷಕ್ಕೆ, ಮಾಸಕ್ಕೆ, ಚಾತುರ್ಮಾಸ್ಯಕ್ಕೆ, ಸಂವತ್ಸರಕ್ಕೆ ತಾಳೆನೋಡಬೇಕೆಂದು ಕೌಟಿಲ್ಯನ ವಿಧಿ. ತ್ರೈಮಾಸಿಕಕ್ಕೆ ಪ್ರತಿಸಂಚಿಕೆಯ ಮುದ್ರಣಕ್ಕೆ ಮುನ್ನ ಒಮ್ಮೆ ನೋಡಿದರೆ ಸಾಕು. ಆದರೆ ಆ ಒಮ್ಮೆ ತಪ್ಪಬಾರದು.

೬. ಲಾಭನಷ್ಟ ಪತ್ರವೆಂಬ ಸಿದ್ಧ

ಇನ್ನು ದೃಷ್ಟಾಂತಕ್ಕೆ ಮರಳೋಣ. ಆರು ತಿಂಗಳು ಕಳೆದುವು. ಎರಡು ಸಂಚಿಕೆಗಳು ಹೊರಟುವು. ೬೦೦ರ ಬದಲು ೫೦೦ ಮಂದಿ ಚಂದಾದಾರರಾದರು; ಅವರೆಲ್ಲ ವರ್ಷದ ಹಣವನ್ನು ಮೊದಲೇ ಕೊಟ್ಟುದರಿಂದ ೨,೦೦,೦೦೦ ಬಂದಿತು. ಜಾಹೀರಾತು ೩೦,೦೦೦ಕ್ಕೆ ಅಚ್ಚಾಯಿತು. ಕೈಗೆ ಬಂದುದು ೧೦,೦೦೦. ಸಂಚಿಕೆಗೆ ೫೦೦ ಪ್ರತಿಯ ಅಂಚೆವೆಚ್ಚ ೪,೫೦೦ ಮಾತ್ರವಾದುದರಿಂದ ವ್ಯಯ ೬೬,೭೦೦, ಎರಡಕ್ಕೆ ೧,೩೩,೪೦೦. ಇದರಲ್ಲಿ ಎರಡನೆಯ ಸಂಚಿಕೆಯ ಮುದ್ರಣದ ೨೫,೨೦೦ ಇನ್ನೂ ಅಚ್ಚುಕೂಟಕ್ಕೆ ಸಂದಿಲ್ಲ. ಹಾಗಾದರೆ ಪೆಟ್ಟಿಗೆಯಲ್ಲಿರುವುದೆಷ್ಟು? ಬಂದ ೨,೧೦,೦೦೦ದಲ್ಲಿ ಕೊಟ್ಟ ೧,೦೮,೨೦೦ ಕಳೆದು ೧,೦೧,೮೦೦ ರೂಪಾಯಿ.

ಲಕ್ಷ ರೂಪಾಯಿಯನ್ನು ಕಂಡ ವ್ಯವಸ್ಥಾಪಕನಿಗೆ ವಿಶೇಷ ಸಂಚಿಕೆಯ ಆಸೆ ಹುಟ್ಟುವುದು ಸಹಜ. ಹುಟ್ಟಿದ್ದನ್ನು ನಾನು ಬಲ್ಲೆನು. ಈಗ ಲಾಭನಷ್ಟ ಪತ್ರವನ್ನು ಬರೆಯೋಣ.

ಸಂಪಾದಿಸಿದ ಚಂದಾ (ನಾಲ್ಕರಲ್ಲಿ ಎರಡು ಸಂಚಿಕೆಗಳದು): ೧,೦೦,೦೦೦ ರೂ.
ಅಚ್ಚಾದ ಜಾಹೀರಾತು: ೩೦,೦೦೦ ರೂ.
ಆಯ: ೧,೩೦,೦೦೦ ರೂ.
ವ್ಯಯ: ೧,೩೩,೪೦೦ ರೂ.
ನಷ್ಟ: ೩,೪೦೦ ರೂ.

ಪೆಟ್ಟಿಗೆಯಲ್ಲಿ ಲಕ್ಷ, ಪತ್ರದಲ್ಲಿ ನಷ್ಟ! ಎರಡೂ ಸರಿಯೆ. ಪೆಟ್ಟಿಗೆಯ ೧,೦೧,೮೦೦ಕ್ಕೆ ಬರಬೇಕಾದ ಜಾಹೀರಾತಿನ ೨೦,೦೦೦ ಸೇರಿಸಿದರೆ ೧,೨೧,೮೦೦. ಕೊಡಬೇಕಾದುದು ಚಂದಾದಾರರಿಗೆ ಎರಡು ಸಂಚಿಕೆಗಳ ರೂಪದಲ್ಲಿ ೧,೦೦,೦೦೦, ಅಚ್ಚುಕೂಟಕ್ಕೆ ೨೫,೨೦೦, ಕೂಡಿ ೧,೨೫,೨೦೦. ಅಂತರವು ಅದೇ ೩,೪೦೦. ಮುಂಗಡ ಚಂದಾವು ಕೊಟ್ಟ ದಿನ ಋಣ; ಸಂಚಿಕೆಯು ಓದುಗನ ಮನೆ ಸೇರಿದ ದಿನ ಅದರ ಅಷ್ಟು ಪಾಲು ಆಯ. ಈ ಲೇಖನದ ಸಾರವೆಲ್ಲ ಈ ಒಂದು ವಾಕ್ಯದಲ್ಲಿದೆ. ಧಾರವಾಡದ ಮನೋಹರ ಗ್ರಂಥಮಾಲೆಯು ೧೯೩೩ರಿಂದ ಚಂದಾದಾರರನ್ನು ನೆಚ್ಚಿ ಬೆಳೆದು ಬಂದ ಪ್ರಕಾಶನ. ಪುಸ್ತಕ ಕೈಗೆ ಬರುವುದಕ್ಕೆ ಮುನ್ನ ಹಣ ಕೊಡುವವನ ನಂಬಿಕೆಯೇ ಅಂಥ ಮಾಲೆಯ ಮೂಲಧನ, ಪುಸ್ತಕವನ್ನು ತಲಪಿಸುವುದೇ ಅದರ ಬಡ್ಡಿ.

ಇನ್ನು ನಷ್ಟವು ಎಲ್ಲಿ ಹುಟ್ಟಿತು? ೫೦೦ ಚಂದಾದಾರರು ಸಮಸ್ಥಾನವಾದ ೪೬೬ಕ್ಕಿಂತ ಹೆಚ್ಚೇ ಇದ್ದಾರೆ. ಆದರೆ ಮುದ್ರಣದ ಸಂಖ್ಯೆಯನ್ನು ಸಂಕಲ್ಪದ ೭೦೦ರಲ್ಲಿಯೇ ಇಟ್ಟುದು ದೋಷ. ೬೦೦ ಪ್ರತಿ ಸಾಕಾಗಿದ್ದಿತು. ಬೇಡದ ೧೦೦ ಪ್ರತಿಗಳಿಗೆ ಸಂಚಿಕೆಗೆ ೩,೬೦೦ರಂತೆ ೭,೨೦೦ ವ್ಯಯವಾಯಿತು; ಅದನ್ನು ಉಳಿಸಿದ್ದರೆ ೩,೪೦೦ರ ನಷ್ಟವು ೩,೮೦೦ರ ಲಾಭವಾಗುತ್ತಿತ್ತು. ಸಂಕಲ್ಪವನ್ನು ಅನುಮಾನದಿಂದ ತಿದ್ದದೆ ಹೋದುದರ ಫಲ ಸಿದ್ಧದಲ್ಲಿ ಕಂಡಿತು. ಮೂರು ಪತ್ರಗಳನ್ನು ಒಟ್ಟಿಗೆ ಇಟ್ಟು ಓದಬೇಕೆನ್ನುವುದು ಇದಕ್ಕಾಗಿ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳತಕ್ಕದ್ದು. ಒಂದು, ಶೇಷವನ್ನು ಕುರಿತದ್ದು: ಬರಬೇಕಾದ ೨೦,೦೦೦ ಬಾರದೆ ಹೋದಲ್ಲಿ ನಷ್ಟವು ೨೩,೪೦೦ ಆಗುವುದು, ಬಹುಕಾಲದ ಬಾಕಿಯನ್ನು ಆಯವೆಂದು ತೋರಿಸುತ್ತ ಹೋಗುವುದು ಆತ್ಮವಂಚನೆ. ಕಪಾಟಿನಲ್ಲಿ ಉಳಿದ ಹಳೆಯ ಸಂಚಿಕೆಗಳಿಗೆ ಮುಖಬೆಲೆಯನ್ನು ಹಾಕಿ ಆಸ್ತಿಯೆಂದು ಎಣಿಸುವುದೂ ಹಾಗೆಯೆ. ಅವಕ್ಕೆ ರದ್ದಿಯ ಬೆಲೆ ಹಾಕಿ, ಮಾರಿದಾಗ ಸಂತೋಷಪಡುವುದು ಮೇಲು. ಮತ್ತೊಂದು, ಸವಕಳಿ: ೪೦,೦೦೦ ರೂಪಾಯಿಯ ಗಣಕಯಂತ್ರವು ಐದು ವರ್ಷ ಬಾಳುವುದಾದರೆ ಪ್ರತಿವರ್ಷ ೮,೦೦೦ ರೂಪಾಯಿಯಷ್ಟು ಸವೆಯುವುದು, ಸರಳತೆಗಾಗಿ ದೃಷ್ಟಾಂತದಲ್ಲಿ ಇದನ್ನು ಬಿಟ್ಟಿದೆ. ಸವೆತವು ಸದ್ದು ಮಾಡುವುದಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಆ ಮಾತಿನ ಅರ್ಥವು ನಮ್ಮ ಸೀಮೆಯ ರೈತರಿಗೆಲ್ಲ ತಿಳಿಯಿತು.

೭. ಪೂರ್ವಪಕ್ಷವೂ ಸಿದ್ಧಾಂತವೂ

ಇಲ್ಲೊಂದು ಆಕ್ಷೇಪ ಬರಬಹುದು. ವಿದ್ವತ್ಪತ್ರಿಕೆಯು ವ್ಯಾಪಾರವಲ್ಲ, ಲಾಭನಷ್ಟಗಳ ಮಾತನ್ನು ಸರಸ್ವತಿಯ ಮಂಟಪಕ್ಕೆ ತರುವುದು ಉಚಿತವೆ? ಇದಕ್ಕೆ ಉತ್ತರ: ಲಾಭವು ಉದ್ದೇಶವಲ್ಲದಿದ್ದರೂ ಅದರ ಲೆಕ್ಕವು ಅವಶ್ಯಕ. ದಾನದಿಂದ ನಡೆಯುವ ಪತ್ರಿಕೆಯಲ್ಲಿ ನಷ್ಟವನ್ನು ತುಂಬಲು ದಾನವೆಷ್ಟು ಬೇಕೆಂಬುದಕ್ಕೂ ಅದೇ ಪತ್ರವು ಪ್ರಮಾಣ. ನಷ್ಟವನ್ನು ಅರಿತು ಹೊರುವುದು ತ್ಯಾಗ. ಅರಿಯದೆ ಹೊರುವುದು, ಅದನ್ನು ಚಂದಾದಾರನ ಹೆಗಲಿಗೆ ಏರಿಸುವುದು, ಬೇರೆ ಹೆಸರಿಗೆ ಯೋಗ್ಯ.

ಧನವನ್ನು ಕೆಡಿಸುವವರಲ್ಲಿ ಮೂಲಹರ, ತಾದಾತ್ವಿಕ, ಕದರ್ಯರೆಂಬ ಮೂವರನ್ನು ಕೌಟಿಲ್ಯನು ಗುರುತಿಸಿದ್ದಾನೆ. ಹಿರಿಯರು ಕೂಡಿಟ್ಟ ಮೂಲನಿಧಿಯನ್ನೇ ಮುದ್ರಣಕ್ಕೆ ಕರಗಿಸುವ ವ್ಯವಸ್ಥಾಪಕನು ಮೂಲಹರನು. ಬಂದ ಚಂದಾವನ್ನು ಬಂದಾಗಲೇ ವ್ಯಯಿಸುವವನು ತಾದಾತ್ವಿಕನು. ಜೋಡಣೆಯವರ ಕೂಲಿಯನ್ನೂ ಲೇಖಕರ ಗೌರವಧನವನ್ನೂ ಹಿಡಿದಿಟ್ಟು ನೀವಿಯನ್ನು ದಪ್ಪವಾಗಿ ತೋರಿಸುವವನು ಕದರ್ಯನು. ನಾನು ಎರಡನೆಯವನಾಗಿದ್ದೆನು. ವಾಚಕರು ಯಾರ ಸಾಲಿನಲ್ಲಿಯೂ ಸೇರದಿರಲಿ.

ಆಷಾಢದ ಹುಣ್ಣಿಮೆಗೆ ಕರ್ಮಸಂವತ್ಸರವು ಮುಗಿದಾಗ ಗಣಕರು ಮುದ್ರೆಯೊತ್ತಿದ ಪುಸ್ತಕಗಳನ್ನೂ ನೀವಿಯನ್ನೂ ತೆಗೆದುಕೊಂಡು ರಾಜಧಾನಿಗೆ ಬರಬೇಕೆಂದೂ, ಅವರು ಒಬ್ಬರೊಡನೊಬ್ಬರು ಮಾತಾಡದಂತೆ ಇರಿಸಬೇಕೆಂದೂ ಶಾಸ್ತ್ರದಲ್ಲಿದೆ. ಇಂದು ನಮ್ಮ ಲೆಕ್ಕದ ವರ್ಷವು ಮಾರ್ಚಿ ೩೧ಕ್ಕೆ ಮುಗಿಯುವುದು. ಮುದ್ರೆಯೂ ಇಲ್ಲ, ಮೌನವೂ ಇಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದಲ್ಲಿ ನಮ್ಮ ಪೂರ್ವಿಕರು ಬಳಪದಿಂದ ಲೆಕ್ಕ ಬರೆದರು; ನಾವು ಯಂತ್ರದ ತೆರೆಯ ಮೇಲೆ ಬರೆಯುತ್ತೇವೆ. ಆದರೆ ವರ್ಷಕ್ಕೊಮ್ಮೆ ಲೆಕ್ಕದ ಪುಸ್ತಕವನ್ನು ಓದುಗರ ಮುಂದೆ ತೆರೆಯುವುದು ಇಂದಿಗೂ ಸಾಧ್ಯ. ಸಣ್ಣ ಪತ್ರಿಕೆಗಳು ತಮ್ಮ ಕೊನೆಯ ಸಂಚಿಕೆಯಲ್ಲಿ ಅರ್ಧಪುಟದ ಆಯವ್ಯಯವನ್ನು ಪ್ರಕಟಿಸುವುದಾದರೆ ಓದುಗನ ನಂಬಿಕೆಯೂ ಬೆಳೆಯುವುದು, ವ್ಯವಸ್ಥಾಪಕನ ನಿದ್ರೆಯೂ ನ್ಯಾಯವಾಗುವುದು. ಹಾಗೆ ಪ್ರಕಟಿಸುವ ಪತ್ರದಲ್ಲಿ "ಚಂದಾದಾರರಿಗೆ ಸಲ್ಲಬೇಕಾದ ಸಂಚಿಕೆಗಳು" ಎಂಬ ಒಂದು ಸಾಲು ತಪ್ಪದೆ ಇರಲೆಂದು ವಿಜ್ಞಾಪನೆ. ನನ್ನ ಪುಸ್ತಕದಲ್ಲಿ ಆ ಸಾಲು ಇರಲಿಲ್ಲ. ಇದ್ದಿದ್ದರೆ ಕುರೆಕುಪ್ಪದ ಆ ಉಪಾಧ್ಯಾಯರು ದಾರಿಯಲ್ಲಿ ನನ್ನನ್ನು ಬೇರೇನಾದರೂ ಕೇಳುತ್ತಿದ್ದರು.